ಬೆನ್ನ ಮೇಲಿನ ಏಳು ಗುಂಡಿ

ದರ್ಜಿ ಅಕ್ಕನಿಗೆ ತನ್ನ ವಾರಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಹದಿನಾರು ವರ್ಷದಿಂದ ಅಣ್ಣತಮ್ಮಂದಿರ ಎರಡು ಸಂಸಾರ ಒಂದೇ ಸೂರಿನಡಿ, ಒಂದೇ ಅಡುಗೆಮನೆಯಲ್ಲಿ ನಡೆದಿದ್ದರೂ ಜಗಳ ಅಂತ ಒಂದು ದಿನ ಆಗಿರಲಿಲ್ಲ. ಜಗಳಕ್ಕೆ ಚಿಕ್ಕವಳು ಸಿಕ್ಕಿದರೆ ತಾನೇ? ಏನಂದರೂ "ಹೌದಕ್ಕಾ, ನೀವು ಹೇಳೋದೇ ಸರಿ" ಅಂದು ನಕ್ಕುಬಿಡುವಳು. ಆ ನಗುವೇ ದೊಡ್ಡವಳ ಹೊಟ್ಟೆಗೆ ಕೆಂಡ ಸುರಿಯುತ್ತಿತ್ತು.

ದರ್ಜಿ ಅಕ್ಕನ ಕೈಕೆಲಸದ ಬಗ್ಗೆ ಎರಡು ಮಾತಿರಲಿಲ್ಲ. ಮುಂದಿನ ಕೋಣೆಯಲ್ಲಿ ಎರಡು ಮಿಷಿನ್ನು, ಮೊಳೆಗೆ ನೇತುಹಾಕಿದ ಕಾಗದದ ಅಚ್ಚುಗಳು, ಮೂಲೆಯಲ್ಲಿ ಚಿಂದಿಯ ಗುಡ್ಡೆ. ಚರ್ಚಿನ ಗಾಯಕರ ನಿಲುವಂಗಿ ಅವಳದು, ಪೀಠದ ಹೊದಿಕೆ ಅವಳದು. ಹೋದ ವರ್ಷ ಚರ್ಚಿನ ಹಿಂಬದಿಯ ಆರೈಕೆ ಮನೆಗೂ ಹೊಲಿದುಕೊಟ್ಟಿದ್ದಳು. ನೋಡಿಕೊಳ್ಳುವವರಿಲ್ಲದೆ ಹಾಸಿಗೆ ಹಿಡಿದ ಹನ್ನೊಂದು ಮುದುಕಿಯರು ಅಲ್ಲಿದ್ದರು. ಒಬ್ಬೊಬ್ಬರಿಗೂ ಒಂದೊಂದು ಗೌನು, ಕುತ್ತಿಗೆಗೆ ಲೇಸು, ಬೆನ್ನ ಮೇಲೆ ಸಾಲಾಗಿ ಏಳು ಗುಂಡಿ. ಪಾದ್ರಿಗಳು ಇಡೀ ಸಭೆಯ ಮುಂದೆ ಅವಳ ಹೆಸರು ಹೇಳಿ ವಂದಿಸಿದರು. ಆ ಸಂತೋಷ ಮನೆ ಮುಟ್ಟುವಷ್ಟರಲ್ಲಿ ಆರಿಹೋಗಿತ್ತು.

ಚಿಕ್ಕವಳಿಗೆ ಏನು ಬರುತ್ತಿತ್ತು? ನೆಟ್ಟಗೆ ನಾಲ್ಕು ಹೊಲಿಗೆ ಹಾಕಲು ಬಾರದು. ವಾರವೆಲ್ಲ ಬೇಕರಿಯಲ್ಲಿ ಟ್ರೇ ತೊಳೆಯುವುದು, ಭಾನುವಾರ ಆರಾಧನೆ ಮುಗಿದದ್ದೇ ತಡ ಆರೈಕೆ ಮನೆಗೆ ಓಡುವುದು. ಅಲ್ಲಿ ಮುದುಕಿಯರ ತಲೆ ಬಾಚಿ, ಉಗುರು ಕತ್ತರಿಸಿ, ಕಾಲು ತೊಳೆದು, ಸಂಜೆ ಮೈಯೆಲ್ಲ ಒದ್ದೆ ಮಾಡಿಕೊಂಡು ಬರುವಳು. ಮುಖ ಮಾತ್ರ ಮದುವೆಮನೆಯಿಂದ ಬಂದವಳ ಹಾಗೆ!

"ಏನೇ ಅಷ್ಟು ಖುಷಿ? ಅಲ್ಲೇನು ನಿಧಿ ಸಿಕ್ತಾ?" ಎಂದು ದೊಡ್ಡವಳು ಒಮ್ಮೆ ಕೇಳಿಯೇಬಿಟ್ಟಳು.

"ಇವತ್ತು ಕೊನೇ ಮಂಚದ ಟೀಚರಮ್ಮ ಮಗ್ಗಿ ಒಪ್ಪಿಸು ಅಂದ್ರು ಅಕ್ಕಾ. ಹದಿಮೂರರ ಮಗ್ಗೀಲಿ ತಪ್ಪಿದೆ. ಕಿವಿ ಹಿಂಡಿದ್ರು, ನೋಡಿ ಇನ್ನೂ ಕೆಂಪಗಿದೆ!"

ಕಿವಿ ಹಿಂಡಿಸಿಕೊಂಡು ಇಷ್ಟು ಸಂಭ್ರಮವೇ? ಸನ್ಮಾನ ಮಾಡಿಸಿಕೊಂಡರೂ ತನಗೆ ಇದರ ಅರ್ಧ ಸಿಗಲಿಲ್ಲವಲ್ಲ ಎಂದು ದರ್ಜಿ ಅಕ್ಕ ಕುದಿದಳು.

ಇನ್ನೊಂದು ಭಾನುವಾರ ಪಾದ್ರಿಗಳು, ಕರ್ತನು ಸೊಂಟಕ್ಕೆ ಟವೆಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಪ್ರಸಂಗ ಹೇಳುತ್ತಿದ್ದಾಗ ಸಭೆಯ ಕಣ್ಣೆಲ್ಲ ಚಿಕ್ಕವಳ ಕಡೆ ತಿರುಗಿತು. 'ಆ ಟವೆಲಿನ ಅಂಚು ಹೊಲಿದವಳು ಯಾರು ಅಂತ ಒಬ್ಬರಾದರೂ ಕೇಳಿದರಾ?' ಎಂದು ದೊಡ್ಡವಳು ಒಳಗೇ ಹಲ್ಲು ಕಡಿದಳು. ದೇವರ ಸನ್ನಿಧಿಯಲ್ಲಿ ಕೂತು ಹೀಗೆ ಯೋಚಿಸಿದೆನಲ್ಲ ಎಂದು ಮರುಕ್ಷಣ ನಾಚಿಕೆಯಾಯಿತು. ನಾಚಿಕೆಯಾಯಿತೇ ಹೊರತು ಹೊಟ್ಟೆಕಿಚ್ಚು ಇಳಿಯಲಿಲ್ಲ.

ಹೀಗಿರುವಾಗ ಬೇಕರಿಯ ಒದ್ದೆ ನೆಲದಲ್ಲಿ ಜಾರಿ ಚಿಕ್ಕವಳು ಬಲಗೈ ಮುರಿದುಕೊಂಡಳು. ಪಟ್ಟಿ ಹಾಕಿಸಿಕೊಂಡು ಬಂದವಳು ಕೇಳಿದ್ದು ಒಂದೇ ಮಾತು.

"ಅಕ್ಕಾ, ಭಾನುವಾರ ನನ್ನ ಬದಲು ನೀವು ಹೋಗಿಬರ್ತೀರಾ? ಅವರು ದಾರಿ ಕಾಯ್ತಿರ್ತಾರೆ."

"ಅದೇನು ಮಹಾ, ಹೋಗ್ತೀನಿ ಬಿಡು" ಎಂದಳು ದರ್ಜಿ ಅಕ್ಕ. ಒಳಗೊಳಗೆ ಹಿಗ್ಗಿದಳು. ಒಂದೇ ದಿನದಲ್ಲಿ ಆ ಮುದುಕಿಯರು ಚಿಕ್ಕವಳನ್ನು ಮರೆಯಬೇಕು, ಹಾಗೆ ಮಾಡಿ ಬರುತ್ತೇನೆ ಅಂದುಕೊಂಡಳು.

ಅವಳು ಒಳಗೆ ಕಾಲಿಟ್ಟಾಗ ಹನ್ನೊಂದು ಮುಖಗಳೂ ಅರಳಿದವು. ಆಮೇಲೆ ಅವಳ ಹಿಂದೆ ಇನ್ಯಾರೋ ಬರುತ್ತಾರೆಂಬಂತೆ ಬಾಗಿಲ ಕಡೆ ನೋಡಿದವು. ಯಾರೂ ಬರಲಿಲ್ಲ. ಮುಖಗಳು ಬಾಡಿದವು. ತಲೆ ಬಾಚಲು ಹೋದರೆ "ಮೆತ್ತಗಮ್ಮಾ, ಅದು ತಲೆ" ಎಂದಳು ಒಬ್ಬಳು. ದರ್ಜಿ ಅಕ್ಕನ ಕಿವಿ ಬಿಸಿಯಾಯಿತು.

ಕೊನೆಯ ಮಂಚದಲ್ಲಿ ಟೀಚರಮ್ಮ ಇದ್ದರು. ಬೆನ್ನು ಗೂನಾದ ಮುದುಕಿ, ಕಣ್ಣು ಮಾತ್ರ ಚುರುಕು. ಗೌನು ಬದಲಿಸಲು ಅವರನ್ನು ಮಗ್ಗುಲಿಗೆ ತಿರುಗಿಸಿದಾಗ ದರ್ಜಿ ಅಕ್ಕನ ಕೈ ನಿಂತುಹೋಯಿತು. ತಾನೇ ಹೊಲಿದ ಗೌನು. ಬೆನ್ನ ಮೇಲೆ ಒಂದು ಗುಂಡಿಯೂ ಇಲ್ಲ. ಅದರ ಜಾಗದಲ್ಲಿ ಲಾಡಿಗಳು, ಅದೂ ಸೊಟ್ಟಸೊಟ್ಟ ಹೊಲಿಗೆಯಲ್ಲಿ. ಆ ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ.

"ಇದನ್ನ ಯಾಕೆ ಹೀಗೆ ಹಾಳು ಮಾಡಿದ್ದು?" ಎಂದು ನರ್ಸಮ್ಮನನ್ನು ಕೇಳಿದಳು.

ನರ್ಸಮ್ಮ ತಡವರಿಸಿದಳು. "ಮಲಗಿದವರ ಬೆನ್ನಿಗೆ ಗುಂಡಿ ಒತ್ತಿ ಹುಣ್ಣಾಗ್ತಿತ್ತು ಅಕ್ಕಾ. ನಿಮ್ಮನೆ ಚಿಕ್ಕಮ್ಮ ಹನ್ನೊಂದು ಗೌನಿನ ಗುಂಡೀನೂ ಕೂತು ಬಿಚ್ಚಿದ್ರು. ಅಕ್ಕನಿಗೆ ಹೇಳ್ಬೇಡಿ, ನೊಂದ್ಕೋತಾರೆ ಅಂದಿದ್ರು."

ದರ್ಜಿ ಅಕ್ಕ ಹಿತ್ತಲಿಗೆ ಹೋಗಿ, ಒಣಹಾಕಿದ ಚಾದರಗಳ ನಡುವೆ ನಿಂತಳು. ಅಳು ಬಂತು. ಆ ಅಳುವಿನಲ್ಲಿ ಪಶ್ಚಾತ್ತಾಪಕ್ಕಿಂತ ಉರಿಯೇ ಹೆಚ್ಚಿತ್ತು. ತನ್ನ ತಪ್ಪು ಮುಚ್ಚಿಟ್ಟು ದೊಡ್ಡತನ ತೋರಿಸುವ ಅವಕಾಶವೂ ಅವಳಿಗೇ! "ಕರ್ತನೇ, ಇದನ್ನೂ ಅವಳಿಗೇ ಕೊಟ್ಟೆಯಾ? ನನಗೆ ಅಂತ ಏನೂ ಇಡಲಿಲ್ಲವಾ?" ಎಂದಳು. ಪ್ರಾರ್ಥನೆ ಅನ್ನಲಾಗದು. ಆದರೆ ಬಹಳ ದಿನದ ಮೇಲೆ ಅವಳು ದೇವರ ಮುಂದೆ ಆಡಿದ ನಿಜವಾದ ಮಾತು ಅದೊಂದೇ.

ಮನೆಗೆ ಹೊರಟುಬಿಡಬೇಕೆಂದಿದ್ದಳು. ಆದರೆ ಆ ಲಾಡಿ ಟೀಚರಮ್ಮನ ಭುಜದಡಿ ಗಂಟಾಗಿ ಒತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಅಂಥದ್ದನ್ನು ಕಂಡು ಸುಮ್ಮನಿರಲು ಅವಳೊಳಗಿನ ದರ್ಜಿಗೆ ಆಗಲಿಲ್ಲ. ಒಳಗೆ ಬಂದು ಚೀಲದಿಂದ ಟೇಪು ತೆಗೆದು ಮಂಚದ ಪಕ್ಕ ಮೊಣಕಾಲೂರಿದಳು.

"ಟೀಚರಮ್ಮ, ಸ್ವಲ್ಪ ಅಳತೆ ತಗೊಳ್ಳಲಾ?"

"ಈ ಗೂನಿಗೂ ಅಳತೆ ಇದೆಯೇನಮ್ಮ?"

"ಯಾಕಿಲ್ಲ? ನಾನೇ ತಗೊಂಡಿರಲಿಲ್ಲ. ಕಟ್ಟು ಈ ಬದೀಗೆ ಬಂದ್ರೆ ಒತ್ತುತ್ತಾ? ಇಲ್ಲಿ?"

ಬಟ್ಟೆ ಕತ್ತರಿಸುವ ಮುಂಚೆ, ತೊಡುವವರಿಗೆ ಎಲ್ಲಿ ನೋವಾಗುತ್ತದೆ ಎಂದು ಅವಳು ಕೇಳಿದ್ದು ಅದೇ ಮೊದಲು.

ಎರಡು ಸಲ ಬಿಚ್ಚಿ ಹೊಲಿದದ್ದಾಯಿತು. ಮೂರನೆಯ ಭಾನುವಾರ, ಬದಿಗೆ ತೆರೆಯುವ ಹೊಸ ಗೌನು ತೊಡಿಸಿದಳು. ಲೇಸಿಲ್ಲ, ಗುಂಡಿಯಿಲ್ಲ. ಟೀಚರಮ್ಮ ಆ ಕಡೆ ಹೊರಳಿದರು, ಈ ಕಡೆ ಹೊರಳಿದರು. "ಪರವಾಗಿಲ್ಲ, ಪಾಸು" ಎನ್ನುತ್ತಿದ್ದವರು ಮಾತಿನ ನಡುವೆಯೇ ನಿದ್ದೆಹೋದರು. ಹೊಗಳುವವರು ಯಾರೂ ಇರಲಿಲ್ಲ. ಹೊಗಳಬೇಕಾದವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳುತ್ತಾ ದರ್ಜಿ ಅಕ್ಕ ಊಟದ ಹೊತ್ತು ಮೀರಿದ್ದೂ ತಿಳಿಯದೆ ಕೂತಳು. ಎದೆ ಹಗುರವಾಗಿತ್ತು. ಚಿಕ್ಕವಳು ಭಾನುವಾರ ಮುಖದ ಮೇಲೆ ಹೊತ್ತು ತರುತ್ತಿದ್ದದ್ದು ಇದೇ ಇರಬೇಕು ಎಂದು ಅವಳಿಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ಆ ಸಂಜೆ ಅಡುಗೆಮನೆಯಲ್ಲಿ ಬಾಯಿಬಿಟ್ಟಳು. "ನಿನ್ನ ಹೊಲಿಗೆ ನೋಡ್ದೆ ಕಣೇ."

ಚಿಕ್ಕವಳ ಮುಖ ಬಿಳುಚಿಕೊಂಡಿತು. "ತುಂಬಾ ಸೊಟ್ಟ ಅಲ್ವಾ ಅಕ್ಕಾ?"

"ನೋಡಕ್ಕಾಗಲ್ಲ." ದೊಡ್ಡವಳು ಒಲೆಯ ಉರಿ ತಗ್ಗಿಸಿದಳು. "ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಇಷ್ಟು ವರ್ಷದಿಂದ."

"ಗೊತ್ತು. ನಂಗೂ ಅಷ್ಟೇ. ಪಾದ್ರಿಗಳು ನಿಮ್ಮ ಹೆಸರು ಹೇಳಿದಾಗ ಎರಡು ದಿನ ನಂಗೆ ಊಟ ಸೇರಿರ್ಲಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕದ್ದು ದೊಡ್ಡವಳು.

ಮುರಿದ ಕೈ ಕೂಡಿದ ಮೇಲೆ ಇಬ್ಬರೂ ಒಟ್ಟಿಗೆ ಹೋದರು. ಚಿಕ್ಕವಳನ್ನು ಕಂಡದ್ದೇ ಮುದುಕಿಯರು ಹೋ ಎಂದು ಕೂಗಿದರು. ದರ್ಜಿ ಅಕ್ಕನಿಗೆ ಒಳಗೆಲ್ಲೋ ಚುರುಕ್ ಎಂದಿತು. ಅನ್ನಲಿ ಬಿಡು ಎಂದುಕೊಂಡು ಬಾಗಿಲ ಬಳಿಯ ಮಂಚಕ್ಕೆ ನಡೆದಳು. ಆ ಅಜ್ಜಿಯ ಎಡತೋಳು ಮೇಲೇಳುತ್ತಿರಲಿಲ್ಲ. ತೋಳಿನ ಅಳತೆ ನಿಧಾನವಾಗಿ ತೆಗೆದುಕೊಳ್ಳಬೇಕಿತ್ತು.