ಕೆರೆ ಏರಿಯ ಮೇಲೆ ನಿಂತ ಚುಕ್ಕೆ

"ನೋಡಮ್ಮ, ಸ್ಕೂಲ್ ಬಸ್ಸು ಅರ್ಧ ಗಂಟೆಯಿಂದ ಕೆರೆ ಏರಿ ಮೇಲೇ ನಿಂತ್ಬಿಟ್ಟೈತೆ. ಡ್ರೈವರ್‌ಗೆ ಫೋನೂ ಹೋಗ್ತಿಲ್ಲ" ಎಂದು ಪಕ್ಕದಲ್ಲಿದ್ದ ಹೆಂಗಸು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಸಮೇತನಹಳ್ಳಿಯ ಸ್ಟಾಪಿನಲ್ಲಿ ಅವರು ಮೊಮ್ಮಗನಿಗಾಗಿ, ನಾನು ಮಗಳಿಗಾಗಿ ಕಾಯುತ್ತಿದ್ದೆವು. ಮಕ್ಕಳಿಬ್ಬರೂ ಅದೇ ಬಸ್ಸಿನಲ್ಲಿದ್ದರು.

ಬಸ್ಸು ಎಲ್ಲಿದೆಯೆಂದು ಮ್ಯಾಪಿನ ಮೇಲೆ ಚುಕ್ಕೆಯಾಗಿ ತೋರಿಸುವ ಆ ಆ್ಯಪನ್ನು ಮಾಡಿದ ಮೂವರಲ್ಲಿ ನಾನೂ ಒಬ್ಬಳು. ನೆಟ್‌ವರ್ಕ್ ಹೋದರೆ ಅದು ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ ಎಂದು ಅವರಿಗೆ ಹೇಳಿದೆ. ಆದರೆ ಹೋಗಿರುವುದು ಬರೀ ನೆಟ್‌ವರ್ಕೋ, ಅಥವಾ ಏರಿಯ ಮೇಲೆ ನಿಜಕ್ಕೂ ಏನಾದರೂ ಆಗಿದೆಯೋ?

"ಇದನ್ನ ಮಾಡಿದೋರ ಮಕ್ಳು ಬಸ್ಸಲ್ಲಿ ಓಡಾಡಲ್ಲ ಅನ್ಸುತ್ತೆ" ಎಂದರು ಅವರು.

"ಓಡಾಡ್ತಾಳೆ ಅಮ್ಮ. ಮಾಡಿದೋಳು ನಾನೇ" ಎಂದೆ.

ಅವರು ಬೈಯಲಿಲ್ಲ. ನನ್ನ ಕೈ ಹಿಡಿದು, "ಹಂಗಾದ್ರೆ ನಡಿ, ಹೋಗಿ ನೋಡ್ಬಿಡಾಣ" ಎಂದು ನನ್ನ ಸ್ಕೂಟರ್ ಹತ್ತಿದರು. ಊರು ದಾಟುವಷ್ಟರಲ್ಲಿ ಬಸ್ಸು ಎದುರಿಗೇ ಬಂತು. ರಸ್ತೆ ಅಗೆದಿದ್ದರಿಂದ ನೆಟ್‌ವರ್ಕ್ ಇಲ್ಲದ ಸುತ್ತು ದಾರಿಯಲ್ಲಿ ಬಂದರಂತೆ. ಮಗಳು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು.

ನೆಟ್‌ವರ್ಕ್ ಸಿಗದಾಗ 'ಬಸ್ಸು ಎಲ್ಲಿದೆಯೋ ಗೊತ್ತಾಗುತ್ತಿಲ್ಲ' ಎಂದು ನೇರವಾಗಿ ಹೇಳುವಂತೆ ಆ ವಾರವೇ ಆ್ಯಪನ್ನು ಬದಲಿಸಿದೆವು. ಆದರೂ ಪರದೆಯ ಮೇಲಿನ ಚುಕ್ಕೆ ಒಂದು ನಿಮಿಷ ಅಲುಗಾಡದಿದ್ದರೆ ಸಾಕು, ಇವತ್ತಿಗೂ ನನ್ನ ಕೈ ಸ್ಕೂಟರಿನ ಕೀ ಹುಡುಕುತ್ತದೆ.