ಕಬಡ್ಡಿ ಜವರಣ್ಣನೂ ಬಿಳಿಕೆರೆಯ ಕಾಟ್ಲಾವೂ

ನಿಮಗೂ ಹೀಗಾಗಿದೆಯಾ, ಹೇಳಿ. ಚಿಕ್ಕಂದಿನಲ್ಲಿ ಮೈದಾನದ ಹಗ್ಗದಾಚೆ ನಿಂತು, ಗಂಟಲು ಹರಿಯುವಂತೆ ಯಾರ ಹೆಸರು ಕೂಗಿದ್ದೀರೋ ಅದೇ ಆಟಗಾರ ಎಷ್ಟೋ ವರ್ಷದ ಮೇಲೆ ಟೀವಿಯಲ್ಲಿ ಪ್ರತ್ಯಕ್ಷನಾಗಿ, ತನಗೆ ಸುತರಾಂ ಬಾರದ ಕೆಲಸ ಮಾಡುತ್ತಿರುತ್ತಾನೆ. ಅವನಿಗೆ ನಾಚಿಕೆಯಿಲ್ಲ, ನಮಗೆ ನಾಚಿಕೆ. ಕೈ ತಾನಾಗಿ ರಿಮೋಟಿಗೆ ಹೋಗುತ್ತದೆ. ನನಗೆ ಆ ಭಾಗ್ಯವೂ ಇರಲಿಲ್ಲ. ಯಾಕೆಂದರೆ ಕ್ಯಾಮೆರಾ ಹಿಡಿದಿದ್ದವನೇ ನಾನು.

ಎರಡು ಸಾವಿರದ ಇಸವಿ ದಾಟಿದ ಹೊಸದು. ಹುಣಸೂರಿನಲ್ಲಿ ನಾನು ಮದುವೆ ವಿಡಿಯೋ ತೆಗೆಯುತ್ತಿದ್ದೆ. ಕೇಬಲ್ ಮಂಜಣ್ಣ ತನ್ನದೇ ಒಂದು ಲೋಕಲ್ ಚಾನೆಲ್ ಶುರು ಮಾಡಿದ್ದ. ಅದರಲ್ಲಿ ಹುಟ್ಟುಹಬ್ಬದ ಶುಭಾಶಯ, ಹೊಗೆಸೊಪ್ಪಿನ ದರ, ಸೀರೆ ಅಂಗಡಿ ಜಾಹೀರಾತು ಬರುತ್ತಿದ್ದವು. ಇವುಗಳ ನಡುವೆ ಭಾನುವಾರ ಬೆಳಗ್ಗೆ ಒಂದು ಮೀನು ಹಿಡಿಯುವ ಕಾರ್ಯಕ್ರಮ. ನಡೆಸಿಕೊಡುವವನು ರಾವಂದೂರು ಕಡೆಯ ಜವರಣ್ಣ.

ಜವರಣ್ಣ ಅಂದರೆ ಸುಮ್ಮನೆ ಅಲ್ಲ. ರಾಜ್ಯ ತಂಡಕ್ಕೆ ಕಬಡ್ಡಿ ಆಡಿ ಬಂದವನು. ರೈಡಿಗೆ ಹೊರಟರೆ ಎದುರಿನವರ ಕಾಲು ತಾವಾಗಿ ಹಿಂದೆ ಸರಿಯುತ್ತಿದ್ದವು. ಮುಟ್ಟುವುದು ಕಾಣುತ್ತಿರಲಿಲ್ಲ, ವಾಪಸು ಬಂದಿದ್ದು ಮಾತ್ರ ಕಾಣುತ್ತಿತ್ತು. ಆಮೇಲೆ ಮಂಡಿ ಹೋಯಿತು, ಆಟವೂ ನಿಂತಿತು. ಹೆಸರಿರುವ ಮನುಷ್ಯ, ಕೆಲಸವಿಲ್ಲ, ಟೀವಿಗೆ ಆಗುತ್ತಾನೆ ಎಂದು ಲೆಕ್ಕ ಹಾಕಿದ ಮಂಜಣ್ಣ, ಅವನಿಗೆ ಮೀನು ಹಿಡಿಯಲು ಬರುತ್ತದಾ ಎಂದು ಕೇಳುವುದನ್ನು ಮರೆತ.

ಗಾಳ ಹಾಕುವ ಕೆಲಸಕ್ಕೆ ಬೇಕಾದ್ದು ಮೌನ. ಆದರೆ ಉಸಿರು ಬಿಡದೆ ಬಾಯಾಡಿಸುವುದೇ ಜವರಣ್ಣನ ಹೊಟ್ಟೆಪಾಡಾಗಿತ್ತು. ನೀರಿನಲ್ಲಿ ಗಾಳದ ಬೆಂಡು ತೇಲಿಬಿಟ್ಟು, ಯಾವುದೋ ಊರಿನ ಫೈನಲ್ಲಿನ ಕತೆ ಶುರು ಮಾಡುತ್ತಿದ್ದ. ನಾನು ಎಲ್ಲೋ ಓದಿದ್ದೇನೆ, ಮೀನಿಗೆ ಹೊರಗೆ ಕಿವಿ ಕಾಣದಿದ್ದರೂ ಒಳಗೆ ಇದೆಯಂತೆ, ಮೈಯುದ್ದಕ್ಕೂ ನೀರಿನ ಅಲುಗಾಟ ತಿಳಿಯುವ ಗೆರೆಯೊಂದು ಇದೆಯಂತೆ. ಹಾಗಾಗಿ ದಡದ ಮಾತಿಗಿಂತ ದಡದ ಕಾಲಿನ ಸದ್ದೆಂದರೇ ಅದಕ್ಕೆ ಹೆಚ್ಚು ಭಯ. ಜವರಣ್ಣನೋ, ಕತೆಯಲ್ಲಿ ರೈಡ್ ಬಂದಾಗಲೆಲ್ಲ ನೆಲಕ್ಕೆ ಧಡ್ ಎಂದು ಕಾಲು ಕುಟ್ಟುತ್ತಿದ್ದ. ವಾರಗಟ್ಟಲೆ ಕಾರ್ಯಕ್ರಮ ನಡೆಯಿತು. ಮೀನಿನ ಬಾಲವೂ ಕಾಣಲಿಲ್ಲ.

ಕೊನೆಗೆ ಮಂಜಣ್ಣ ಹೇಳಿಯೇಬಿಟ್ಟ: "ಬೇಜಾರ್ ಮಾಡ್ಕಬ್ಯಾಡ ಜವರಣ್ಣ. ಈ ಸಲ ಒಂದ್ ಮೀನಾದ್ರೂ ಕಾಣ್ಲಿಲ್ಲ ಅಂದ್ರೆ ಆ ಟೈಮ್‌ಗೆ ಚಿತ್ರಗೀತೆ ಹಾಕ್ಬುಡ್ತೀನಿ. ಮೀನ್ ಕಾರ್ಯಕ್ರಮದಲ್ಲಿ ಮೀನೇ ಇಲ್ಲ ಅಂತ ಜನ ಉಗೀತಾವ್ರೆ."

ಆ ವಾರದ ಶೂಟಿಂಗಿಗೆ ಬಿಳಿಕೆರೆಗೆ ಹೋಗುವಾಗ ವ್ಯಾನಿನಲ್ಲಿ ಜವರಣ್ಣ ಗಾಳದ ಕಡ್ಡಿ ಒರೆಸುತ್ತ ಕೂತಿದ್ದ. ಆಮೇಲೆ ಅಂದ: "ಮಂಡಿ ಕೆಟ್ಟೋದ್ಮೇಲೆ ಬಸ್ ಸ್ಟ್ಯಾಂಡಲ್ಲಿ ಒಬ್ನೂ ನನ್ನ ಮಾತಾಡುಸ್ತಿರ್ಲಿಲ್ಲ ಕಣ್ಲಾ. ಈಗ ಕಂಡಕ್ಟ್ರು ಕಿಟಕೀಲಿ ತಲೆ ಆಕಿ 'ಮೀನ್ ಸಿಕ್ತಾ ಜವರಣ್ಣ' ಅಂತಾನೆ. ಗೇಲಿ ಮಾಡ್ತಾನೆ, ಗೊತ್ತು. ಆದ್ರೂ ಎಸ್ರು ಕೂಗ್ತಾನಲ್ಲ."

ನಾನು ಕ್ಯಾಮೆರಾಕ್ಕೆ ಹೊಸ ಟೇಪು ಹಾಕಿದೆ.

ಕೆರೆಯ ಹತ್ತಿರ ಕೆಂಪಮ್ಮ ಎನ್ನುವ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಜವರಣ್ಣನ ಬಾಯಿ ಶುರುವಾದದ್ದೇ ತಡ, ಅಲ್ಲಿಂದಲೇ ಕೇಳಿದಳು: "ಏನ್ಲಾ ಜವ್ರ, ಮೀನ್ ಇಡೀತಿದ್ದೀಯೋ, ಮೀನ್ಗೆ ಕಬಡ್ಡಿ ಕಲುಸ್ತಿದ್ದೀಯೋ?"

"ಸುಮ್ಕಿರವ್ವ, ಸೂಟಿಂಗ್ ನಡೀತಾ ಅದೆ."

"ನಾನ್ ಸುಮ್ಕೇ ಇವ್ನಿ ಕಣಪ್ಪ. ಬಾಯಿ ನಿಂದು."

ಅವಮಾನಕ್ಕೋ ಏನೋ, ಜವರಣ್ಣ ಬಾಯಿ ಮುಚ್ಚಿದ. ಕಾಲೂ ಸುಮ್ಮನಾಯಿತು. ಬಿಸಿಲು ಏರಿತು. ಇದ್ದಕ್ಕಿದ್ದಂತೆ ಬೆಂಡು ಬುಳುಕ್ ಎಂದು ಮುಳುಗಿತು.

ಬೇರೆ ಯಾರಾದರೂ ಆಗಿದ್ದರೆ ಕಡ್ಡಿ ಎತ್ತಿ ಮೀನಿನ ಕಡೆ ನೋಡುತ್ತಿದ್ದರು. ಆದರೆ ಮುಟ್ಟಿದ ಮೇಲೆ ಹಿಂದೆ ನೋಡದೆ ಗೆರೆ ದಾಟಬೇಕು ಎನ್ನುವುದು ಜವರಣ್ಣನ ರಕ್ತದಲ್ಲಿತ್ತು. ಕಡ್ಡಿಯನ್ನು ಹೆಗಲಿಗೆ ಹಾಕಿ ಕೆರೆಗೆ ಬೆನ್ನು ತಿರುಗಿಸಿದವನೇ, "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತ, ಕೆಟ್ಟ ಮಂಡಿಯಲ್ಲೇ ಕೆರೆಯ ಏರಿ ಹತ್ತಿ ಓಡಿದ! ದಪ್ಪನೆಯ ಕಾಟ್ಲಾ ಮೀನೊಂದು ನೀರಿಂದ ಹಾರಿ ಹುಲ್ಲಿನ ಮೇಲೆ ಬಿತ್ತು. ಬಿದ್ದ ಹೊಡೆತಕ್ಕೆ ಗಾಳ ಕಳಚಿತು. "ಇಡ್ಕಳ್ಳಾ, ಇತ್ಲಾಗ್ ತಿರುಗ್ಲಾ!" ಎಂದು ಕೆಂಪಮ್ಮ ಒಗೆಯುತ್ತಿದ್ದ ಸೀರೆ ಎಸೆದು ಬಂದಳು. ಮೀನು ಎರಡು ಸಲ ಬಡಿದುಕೊಂಡು ನೀರಿಗೆ ಜಾರಿತು. ಏರಿಯ ಮೇಲೆ ನಿಂತು ಜವರಣ್ಣ ತಿರುಗಿ ನೋಡುವಷ್ಟರಲ್ಲಿ ಅಲೆ ಮಾತ್ರ ಉಳಿದಿತ್ತು.

ಇನ್ನು ನನ್ನ ಕ್ಯಾಮೆರಾ. ಮದುವೆ ವಿಡಿಯೋದಲ್ಲಿ ಗಂಡು ಎಲ್ಲಿ ಹೋದರೂ ಅವನ ಹಿಂದೆಯೇ ಹೋಗುವುದು ನಮ್ಮ ರೂಢಿ. ನನ್ನ ಕಣ್ಣು ಮೀನಿನ ಮೇಲಿದ್ದರೂ ಕ್ಯಾಮೆರಾ ಹಾಗೇ ಜವರಣ್ಣನ ಹಿಂದೆ ಹೋಗಿತ್ತು. ಟೇಪಿನಲ್ಲಿ ಮೀನೇ ಇರಲಿಲ್ಲ.

ಕೇಬಲ್ ಆಫೀಸಿನಲ್ಲಿ ಟೇಪು ನೋಡಿದ ಮಂಜಣ್ಣ ಗಲಿಬಿಲಿಗೊಳ್ಳಲಿಲ್ಲ. "ಮಾರ್ಕೆಟಿಂದ ಒಂದ್ ಕಾಟ್ಲಾ ತರ್ತೀನಿ. ಕೈಲಿ ಇಡ್ಕೊಂಡು ನಗು. ಯಾರ್ಗ್ ಗೊತ್ತಾಯ್ತದೆ?"

ಜವರಣ್ಣ ಮಂಡಿ ನೀವಿಕೊಳ್ಳುತ್ತ ಕೂತಿದ್ದ. ಹೂಂ ಅಂದರೆ ಕಾರ್ಯಕ್ರಮ ಉಳಿಯುತ್ತದೆ, ಬಸ್ ಸ್ಟ್ಯಾಂಡಿನ ಆ ಕೂಗೂ ಉಳಿಯುತ್ತದೆ. ಅವನು ನನ್ನ ಕಡೆ ತಿರುಗಿ, "ಕ್ಯಾಮ್ರಾ ಆನ್ ಮಾಡ್ಲಾ" ಅಂದ.

ನಮ್ಮ ಹಳ್ಳಿ ಕಬಡ್ಡಿಯಲ್ಲಿ ಒಂದು ಪದ್ಧತಿ. ರೈಡರ್ ಮುಟ್ಟಿ ಹೋದರೆ, ಅಂಪೈರ್ ನೋಡಿರಲಿ ಬಿಡಲಿ, ಮುಟ್ಟಿಸಿಕೊಂಡವನೇ ಕೈ ಎತ್ತಿ ಆಚೆ ನಡೆಯಬೇಕು. ಜವರಣ್ಣ ಕ್ಯಾಮೆರಾ ನೋಡಿ ಕೈ ಎತ್ತಿದ.

"ಬಂತು, ಮುಟ್ತು, ಓಯ್ತು. ರೈಡರು ಅದು, ನಾನಲ್ಲ. ಪಾಯಿಂಟು ಮೀನಿಂದು. ನಾನ್ ಔಟ್ ಕಣ್ರಪ್ಪಾ."

ಮಂಜಣ್ಣ ಗೊಣಗುತ್ತಲೇ ಅದನ್ನು ಹಾಗೇ ಹಾಕಿದ. ಮುಂದಿನ ವಾರಕ್ಕೆ ಚಿತ್ರಗೀತೆಯ ಸಿ.ಡಿ.ಯನ್ನೂ ತೆಗೆದಿಟ್ಟ. ಆದರೆ ಕಾರ್ಯಕ್ರಮ ಮುಗಿದದ್ದೇ ಕೇಬಲ್ ಆಫೀಸಿನ ಫೋನು ಬಡಿದುಕೊಳ್ಳತೊಡಗಿತು. ಬೈಗುಳಕ್ಕೆ ಸಿದ್ಧನಾಗಿ ಜವರಣ್ಣ ಎತ್ತಿದರೆ, ಒಬ್ಬ ಲಕ್ಷ್ಮಣತೀರ್ಥ ಹೊಳೆಯಲ್ಲಿ ತನ್ನ ಕಡ್ಡಿಯನ್ನೇ ಎಳೆದುಕೊಂಡು ಹೋದ ಬಾಳೆಮೀನಿನ ಕತೆ ಹೇಳಿದ. ಒಬ್ಬಾಕೆ, ತೊಳೆಯಲು ಕೂತಾಗ ಬಕೆಟ್ಟಿನಿಂದ ಚರಂಡಿಗೆ ಹಾರಿದ ಮೀನನ್ನು ನೆನೆದು ನಕ್ಕಳು. ಪಿರಿಯಾಪಟ್ಟಣ ಕಡೆಯ ಮೇಷ್ಟ್ರೊಬ್ಬರು ಮೀನಿನಿಂದ ಶುರುಮಾಡಿ, ತಪ್ಪಿಹೋದ ಒಂದು ಮದುವೆ ಸಂಬಂಧಕ್ಕೆ ಬಂದು ನಿಂತರು. ಜವರಣ್ಣ ಎಲ್ಲರಿಗೂ ಫೋನಿನಲ್ಲಿ "ಆಮೇಕೆ ಏನಾಯ್ತು?" ಎನ್ನುತ್ತಿದ್ದ. ಆ ಮನುಷ್ಯ ಬೇರೆಯವರ ಮಾತನ್ನು ಇಷ್ಟು ಹೊತ್ತು ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಚಿತ್ರಗೀತೆ ಬರಲಿಲ್ಲ. ಭಾನುವಾರ ಬೆಳಗ್ಗೆ ಜವರಣ್ಣನೇ ಬಂದ, ಪಕ್ಕದಲ್ಲಿ ಏನನ್ನೋ ಕೈತಪ್ಪಿ ಕಳೆದುಕೊಂಡ ಒಬ್ಬರನ್ನು ಕೂರಿಸಿಕೊಂಡು. ಆಮೇಲಾದರೂ ಮೀನು ಸಿಕ್ಕಿತಾ ಎಂದು ಕೇಳುತ್ತೀರಾ? ಆಗ ಒಬ್ಬರೂ ಕೇಳಲಿಲ್ಲ ಕಣ್ರೀ. ಗೆದ್ದವನ ಕತೆಗೆ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತೇವೆ. ಸೋತವನು ಕೈ ಎತ್ತಿದರೆ ಮಾತ್ರ ಚಾಪೆ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇವೆ.

ಸರಿ, ನನ್ನದು ಮುಗಿಯಿತು. ಹುಲ್ಲಿನವರೆಗೆ ಬಂದು ನೀರಿಗೆ ಜಾರಿದ ನಿಮ್ಮ ಮೀನು ಯಾವುದು? ಕೆಳಗೆ ಬರೆಯಿರಿ. ಗಾತ್ರ ಸ್ವಲ್ಪ ಹೆಚ್ಚು ಹೇಳಿದರೂ ನಾನು ನಂಬುತ್ತೇನೆ.