ಸಿಸ್ಟರ್ ಅಂದವನ ಪಂಚಮಿ

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿಗೆ ಬಂದ ಮೊದಲ ದಿನವೇ ಗುರುತಿಲ್ಲದ ಗಂಡಸೊಬ್ಬ ನನ್ನ ಗ್ಯಾಸ್ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು, ಹೇಳದೆ ಕೇಳದೆ ಅಡುಗೆಮನೆಗೆ ನಡೆದು, "ಎಲ್ಲಿಡ್ಲಿ ಸಿಸ್ಟರ್?" ಎಂದ. ನಾನು ಹೊಸಿಲಾಚೆ ನಿಂತೇ ಉತ್ತರ ಕೊಟ್ಟೆ.

ಮೈಸೂರಿನಲ್ಲಿ ಬೆಳೆದ ನನಗೆ ಈ ಇಂಗ್ಲಿಷ್ ನಂಟುಗಳ ಮೇಲೆ ನಂಬಿಕೆ ಕಡಿಮೆ. ಅಲ್ಲಿ 'ಬಾಸ್' ಎಂದು ಭುಜ ತಟ್ಟುವವನಿಗೆ ಏನೋ ಕೆಲಸ ಆಗಬೇಕಾಗಿರುತ್ತದೆ. 'ಡಿಯರ್' ಎಂದು ಮೆಸೇಜು ಮಾಡಿದವನ ನಂಬರನ್ನು ಬ್ಲಾಕ್ ಮಾಡುತ್ತೇವೆ. ಬಸ್ಸಿನಲ್ಲಿ 'ಸಿಸ್ಟರ್' ಎನ್ನುತ್ತಲೇ ಮೈಗೆ ತಾಗಿ ನಿಲ್ಲುವವರನ್ನೂ ಕಂಡಿದ್ದೇನೆ. ಒಡಹುಟ್ಟಿದ ಅಣ್ಣನೇ ನನ್ನನ್ನು ಕರೆಯುವುದು 'ಬ್ರೋ' ಎಂದು. ನೀರಾವರಿ ಕಚೇರಿಯ ಈ ಕೆಲಸಕ್ಕೆ ಒಬ್ಬಳೇ ಹೊರಟಾಗ ಅವನು ಮನೆಯವರನ್ನು ಒಪ್ಪಿಸಿದ್ದು ಒಂದು ಷರತ್ತಿನ ಮೇಲೆ: ಚಿಕ್ಕದೊಂದು ಎಡವಟ್ಟಾದರೂ ಕೆಲಸ ಬಿಟ್ಟು ವಾಪಸ್ಸು ಬರಬೇಕು. ಈ ಕೆಲಸ ಕಳೆದುಕೊಳ್ಳುವುದು ನನಗೆ ಸುತರಾಂ ಬೇಡ. ಹಾಗಾಗಿ ಯಾರನ್ನೂ ಹತ್ತಿರ ಸೇರಿಸಲಿಲ್ಲ, ಮೈಸೂರಿಗೆ ವರ್ಗ ಕೇಳಿ ಅರ್ಜಿಯನ್ನೂ ಹಾಕಿಟ್ಟೆ.

ಸಿಲಿಂಡರ್ ಹೊತ್ತವನು ಪಕ್ಕದ ಕ್ವಾರ್ಟರ್ಸಿನ ಭೀಮಣ್ಣ, ನಮ್ಮ ಕಚೇರಿಯ ಜೀಪ್ ಡ್ರೈವರ್. ಇಲ್ಲಿಯ ಮಾತೆಲ್ಲ ಮೊದಮೊದಲು ನನಗೆ ಜಗಳದ ಹಾಗೆ ಕೇಳುತ್ತಿತ್ತು. ಅವನೊಬ್ಬ ಮೆತ್ತಗೆ ಮಾತಾಡುತ್ತಿದ್ದ, ಅದಕ್ಕೇ ಅವನ ಮೇಲೆ ಗುಮಾನಿ ಹೆಚ್ಚು. ಚಟ್ನಿಪುಡಿಗೆ ಇಲ್ಲಿ ಹಿಂಡಿ ಎನ್ನುತ್ತಾರೆ. ಅವನ ಹೆಂಡತಿ ಕೊಟ್ಟ ಶೇಂಗಾ ಹಿಂಡಿಯನ್ನು ನಾನು ಎಷ್ಟೋ ದಿನ ಮುಟ್ಟಿರಲಿಲ್ಲ.

ನಾಗರಪಂಚಮಿ ಹತ್ತಿರ ಬಂತು. ಒಂದು ಬೆಳಿಗ್ಗೆ ಅವನ ಹೆಂಡತಿ ತವರಿಗೆ ಹೋದಳು. ಅವತ್ತೇ ಸಂಜೆ ಅವನು ನನ್ನ ಬಾಗಿಲು ತಟ್ಟಿ, ತನ್ನ ಊರಿಗೆ ಕರೆದೊಯ್ಯಲು ಬಂದಿದ್ದೇನೆ ಎಂದ. ಇಷ್ಟು ದಿನ ಹೆದರಿದ್ದ ಎಡವಟ್ಟು ಬಂದೇಬಿಟ್ಟಿತು ಅನ್ನಿಸಿತು. ಬಾಗಿಲ ಸರಪಳಿ ತೆಗೆಯದೆಯೇ ಬರುವುದಿಲ್ಲ ಎಂದೆ. ಆಗ ಅವನ ಹಿಂದಿನಿಂದ ಅವನ ತಾಯಿ ಮುಂದೆ ಬಂದರು.

"ಸಿಸ್ಟರ್ ಅಂದ್ರ ತಂಗಿ ಹೌದಲ್ಲವಾ? ತಂಗಿ ಅಂದಮ್ಯಾಗ ಪಂಚಮಿಗಿ ಕರ್ಯಾಕ ಬರಬೇಕಲ್ಲ. ಇವನ ಹೆಂಡ್ತೀನ ಅವರಣ್ಣ ಬಂದು ಕರಕೊಂಡು ಹೋಗ್ಯಾನ. ನಿನ್ನ ಯಾರು ಕರೀಬೇಕು?"

ನಮ್ಮ ಕಡೆ ಪಂಚಮಿಯೆಂದರೆ ಹುತ್ತಕ್ಕೆ ಹಾಲೆರೆದು ಮುಗಿಸುವುದು. ಇಲ್ಲಿ ಅದು ಹೆಣ್ಣುಮಕ್ಕಳ ಹಬ್ಬ, ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯಬೇಕು. ತಾಯಿಯ ಮುಖ ನೋಡಿ ಬಸ್ಸು ಹತ್ತಿದೆ, ಅಣ್ಣನಿಗೆ ಲೊಕೇಶನ್ ಕಳಿಸಿಯೇ ಹತ್ತಿದೆ. ಊರಿನಲ್ಲಿ ಹೆಂಗಸರು ನನ್ನನ್ನು ಬೇವಿನ ಮರದ ಜೋಕಾಲಿಗೆ ಕೂರಿಸಿ ತೂಗಿದರು. ಇನ್ನು ಕಚೇರಿಯ ಯಾವ ಕೆಲಸ ಮಾಡಿಸಿಕೊಡು ಎನ್ನುತ್ತಾರೋ ಎಂದು ಕಾಯುತ್ತಲೇ ಎಳ್ಳುಂಡೆ, ಶೇಂಗಾ ಉಂಡೆ ಎಲ್ಲ ತಿಂದೆ. ಯಾರೂ ಏನೂ ಕೇಳಲಿಲ್ಲ.

ಹಬ್ಬ ಮುಗಿಸಿ, ಬಸ್ಸಿಳಿದು ಕ್ಯಾಂಪಿನತ್ತ ನಡೆಯುವಾಗ ಭೀಮಣ್ಣ ಒಂದು ಮಾತು ಕೇಳಲೇ ಎಂದ. ಬಂತು ನೋಡು, ಅಂದುಕೊಂಡೆ.

"ನಿಮ್ಮಣ್ಣ ಯಾಕ ಬರ್ಲಿಲ್ರಿ ಸಿಸ್ಟರ್?"

ನಮ್ಮ ಕಡೆ ಈ ಪದ್ಧತಿಯಿಲ್ಲ ಎಂದೆ. ಹೇಳಿದ್ದು ನಿಜವೇ, ಆದರೂ ಯಾಕೋ ದುಃಖವಾಯಿತು.

"ಇರ್ಲಿ ಬಿಡ್ರಿ, ವರ್ಷಾ ನಾನೇ ಬರ್ತೀನಿ."

ವರ್ಷಾ ಅಂದರೆ ಪ್ರತಿ ವರ್ಷವೇ? ನಾನಿಲ್ಲಿ ಎಷ್ಟು ವರ್ಷ ಇರುತ್ತೇನೆಂದು ಇವನು ಎಣಿಸಿದ್ದಾನೆ? ಮೈಸೂರಿಗೆ ವರ್ಗ ಕೇಳಿದ್ದೇನೆ, ಮುಂದಿನ ಪಂಚಮಿಗೆ ಇಲ್ಲಿರುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು, "ಹೂಂ, ಬರ್ರಿ" ಎಂದುಬಿಟ್ಟೆ.